ಅವ್ವನಿಗಾಗಿ ಒಡೆದ ಗೋಡೆ

ಮಧ್ಯಾಹ್ನದ ಗಾಡಿ ಕೂಗಿದಾಗ ಅನ್ನಕ್ಕೆ ಎಸರಿಡುವುದು ಅವ್ವನ ವಾಡಿಕೆ. ಇಬ್ರಾಹಿಂಪುರದ ನಮ್ಮ ಮನೆಗೆ ರೈಲುಹಳಿ ಅಷ್ಟು ಹತ್ತಿರ. ಎಪ್ಪತ್ತರ ದಶಕದ ಒಂದು ದಿನ, ಗಾಡಿ ಹೋಗಿ ಎಷ್ಟೋ ಹೊತ್ತಾದ ಮೇಲೆ, "ಇವತ್ತ ಗಾಡಿ ಯಾಕೋ ತಡಾ ಆತಲ್ಲ" ಎಂದಳು. ಅವಳ ಕಿವಿ ಮಂದವಾದದ್ದು ನಮಗೆ ಗೊತ್ತಾದದ್ದೇ ಹಾಗೆ.

ಎದುರಿಗಿದ್ದರೆ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಿದ್ದಳು. ಆದರೆ ಅಡುಗೆಮನೆಗೂ ಪಡಸಾಲೆಗೂ ನಡುವೆ ಎರಡು ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ, ಮೂಲೆಯಲ್ಲಿ ತಲೆ ಬಗ್ಗಿಸಿ ದಾಟುವ ಬಾಗಿಲು. ಆಗ ನಾನು ಕಾಲೇಜು ಹುಡುಗಿ, ಸಿಟ್ಟು ಮೂಗಿನ ತುದಿಯಲ್ಲೇ. ಹತ್ತು ಸಲ ಕೂಗಿ, ಒಳಗೋಡಿ, "ಕೇಳಸಂಗಿಲ್ಲೇನಬೇ?" ಎಂದು ಸಿಡುಕುತ್ತಿದ್ದೆ. ತಪ್ಪು ಮಾಡಿದವಳಂತೆ ಅವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬರಬರುತ್ತ ಅವಳು ಪಡಸಾಲೆಗೆ ಬರುವುದನ್ನೇ ಬಿಟ್ಟಳು.

ಒಂದು ಬೆಳಿಗ್ಗೆ ಅಪ್ಪ ಗೋಳಗುಮ್ಮಟದ ಹಿಂದಿನ ಓಣಿಯಿಂದ ಒಬ್ಬ ಮುದಿ ಗೌಂಡಿಯನ್ನು ಕರೆತಂದ. ಗೋಡೆಗೆ ಕೈ ಬಡಿದು, "ಇದನ್ನ ನಡುವ ಅಗಲಾಗಿ ತಗೀರಿ. ಅಕಿಗೆ ನಮ್ಮ ಮಾರಿ ಕಾಣಬೇಕು" ಎಂದ.

ಗೌಂಡಿ ಗೋಡೆಯ ಕಡೆ ನೋಡಲೇ ಇಲ್ಲ. ಏಣಿ ಹತ್ತಿ ಮೇಲಿನ ಮಣ್ಣಿನ ಮಾಳಿಗೆ ನೋಡಿ ಬಂದು ಕೇಳಿದ: "ವರ್ಷಾ ಮಣ್ಣ ಹಾಕ್ತೀರೇನ್ರಿ?"

"ಸೋರಬಾರದಂತ ಮಳಿಗಿಂತ ಮೊದಲ. ಒಂದ ವರ್ಷನೂ ತಪ್ಪಿಸಿಲ್ಲ." ಅಪ್ಪ ಮೀಸೆ ತಿರುವಿದ.

"ಹಾಕೂದಷ್ಟ ಹಾಕೀರಿ, ಹಳೇದು ತಗದಿಲ್ಲ. ಅಷ್ಟೂ ಭಾರ ಈ ಗ್ವಾಡಿ ಮ್ಯಾಲ ಕುಂತೈತಿ. ಗ್ವಾಡಿ ಒಡ್ಯೂದು ಸಸಾರ. ಭಾರ ಎಲ್ಲಿ ಇಡೂದು, ಹೇಳ್ರಿ?"

ಅಪ್ಪನ ಮೀಸೆ ಇಳಿಯಿತು.

ಮೊದಲು ಬುಟ್ಟಿಗಟ್ಟಲೆ ಮಣ್ಣು ಕೆಳಗಿಳಿಯಿತು. ಗೋಡೆಯ ಎರಡೂ ಕಡೆ ತೊಲೆಗಳು ಕುಸಿಯದಂತೆ ಕೆಳಗಿನಿಂದ ಮರದ ಟೇಕು ಕೊಟ್ಟರು. ಆಮೇಲೆ ಗೋಡೆ ಒಡೆದು, ಎರಡೂ ತುದಿಗೆ ಕಲ್ಲಿನ ಕಂಬ ಕಟ್ಟಿ, ಸೊಲ್ಲಾಪುರ ರಸ್ತೆಯ ಗುಜರಿಯಿಂದ ತಂದ ಎರಡು ಹಳೆಯ ರೈಲುಹಳಿಗಳನ್ನು ಅಡ್ಡ ಕೂರಿಸಿ, ಮೇಲಿನ ಸಂದಿಗೆ ಚಕ್ಕೆಕಲ್ಲು, ಸಿಮೆಂಟು ಬಿಗಿದರು. ವಾರಗಟ್ಟಲೆ, ಸಿಮೆಂಟಿಗೆ ಹೊದಿಸಿದ ಹಸಿ ಗೋಣಿಯ ವಾಸನೆ. ಅವ್ವ ಟೇಕುಗಳ ನಡುವೆ ನುಸುಳಿ ಓಡಾಡುತ್ತ ಬಹಳ ದಿನಗಳ ಮೇಲೆ ನಗುತ್ತಿದ್ದಳು. ಆ ವಾಸನೆ ಎಲ್ಲಿ ಸಿಕ್ಕರೂ ನನಗೆ ಆ ನಗುವೇ ನೆನಪಾಗುತ್ತದೆ.

ಟೇಕು ತೆಗೆಯುವ ದಿನ ಗೌಂಡಿ ಮೊದಲೇ ಹೇಳಿದ್ದ: "ಹಳಿ ಭಾರ ಹೊರೂವಾಗ ಒಮ್ಮೆ ನರಳತೈತಿ. ಅಂಜಬ್ಯಾಡ್ರಿ." ನಾವು ಗೋಣು ಆಡಿಸಿದೆವು. ಕೊನೆಯ ಟೇಕಿನ ಬೆಣೆ ಕಳಚಿದ್ದೇ ತಡ, ತಲೆಯ ಮೇಲೆ ಕರ್ರ್ ಎಂದಿತು, ಒಂದಿಷ್ಟು ಮಣ್ಣು ಉದುರಿತು. ಗೋಣು ಆಡಿಸಿದವರೆಲ್ಲ ಅಂಗಳಕ್ಕೆ ಬಿದ್ದೆವು. ಎಲ್ಲರಿಗಿಂತ ಮುಂದೆ ನಾನು, ನನ್ನ ಹಿಂದೆಯೇ ಅಪ್ಪ.

ತಿರುಗಿ ನೋಡಿದರೆ, ಸರಿಯಾಗಿ ಹಳಿಗಳ ಕೆಳಗೆ, ಚಹಾದ ತಟ್ಟೆ ಹಿಡಿದು ಅವ್ವ ನಿಂತಿದ್ದಳು. ಅವಳಿಗೆ ಆ ಸದ್ದು ಕೇಳಿಸಿರಲಿಲ್ಲ.

ಅಪ್ಪ ಕೂಗಲಿಲ್ಲ. ಒಂದೇ ಉಸಿರಿಗೆ ಒಳಗೋಡಿ ಅವಳ ಪಕ್ಕ ನಿಂತು ಮೇಲೆ ನೋಡಿದ. ಏನೂ ಬೀಳಲಿಲ್ಲ. ಸುತ್ತಿಗೆ ಹಿಡಿದು ನಿಂತಲ್ಲೇ ಇದ್ದ ಗೌಂಡಿ, "ಭಾರ ಹಳಿ ಮ್ಯಾಲ ಕುಂತೈತ್ರಿ" ಎಂದ.

"ಯಾಕ ಓಡಿ ಹ್ವಾದ್ರಿ? ಚಾ ಆರತೈತಿ," ಎಂದಳು ಅವ್ವ.

ಅಪ್ಪ ಅವಳ ಕಡೆ ಮುಖ ತಿರುಗಿಸಿ, ಒಂದೊಂದೇ ಮಾತು ಅವಳಿಗೆ ಕಾಣುವಂತೆ ಹೇಳಿದ: "ಏನಿಲ್ಲ. ನಿನ್ನ ನೋಡಾಕ ಬಂದೇನಿ."

ಅಂದಿನಿಂದ ನಾನು ಮನೆಯಲ್ಲಿದ್ದ ದಿನವೆಲ್ಲ, ಮಧ್ಯಾಹ್ನದ ಗಾಡಿ ಕೂಗಿದಾಗ ಪಡಸಾಲೆಯಿಂದಲೇ ಕೈ ಎತ್ತುತ್ತಿದ್ದೆ. ಒಲೆಯ ಮುಂದಿನಿಂದ ಅವ್ವ ತಲೆಯಾಡಿಸಿ ಎಸರಿಡುತ್ತಿದ್ದಳು.