ಪರಾತದ ತಳದಲ್ಲಿ ಉಳಿದ ಹಿತ್ತಾಳೆ ತುಣುಕು

ಚಿಮಣಿ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ತಲೆಯೊಳಗೆ ಒಂದು ಪಟ್ಟಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೋಟಾರ್‌ಸೈಕಲ್ಲಿನ ಮುಂದಿನ ಗಾಲಿ ಕಳಚಿ ಹೊಲದೊಳಗೆ ಓಡಿಹೋಗಬಹುದಿತ್ತು. ಸರಪಳಿ ಹರಿದು ಹಿಂದೆ ಕೂತ ಅತ್ಯಾಳ ಸೆರಗನ್ನು ಎಳೆದುಕೊಳ್ಳಬಹುದಿತ್ತು. ಇಳುಕಲಿನಲ್ಲಿ ಬ್ರೇಕು ಹಿಡಿಯದೆ ಎದುರು ಬಂದ ಚಕ್ಕಡಿಯ ನೊಗಕ್ಕೆ ಹೋಗಿ ಬಡಿಯಬಹುದಿತ್ತು. ಪೆಟ್ರೋಲ್ ಸೋರಿ ಬೆಂಕಿ ಹತ್ತಬಹುದಿತ್ತು. ಶಿರಹಟ್ಟಿಯ ಆಚೆ ನರಪಿಳ್ಳೆ ಇಲ್ಲದ ಎರೆಹೊಲದ ನಡುವೆ ಗಾಡಿ ನಿಂತು, ಅಕಾಲದ ಮಳೆ ಸುರಿದು, ಕಾಕಾ, ಅತ್ಯಾ ಇಬ್ಬರೂ ಮೊಣಕಾಲುಮಟ ಹುಗಿದುಕೊಂಡು ನಿಲ್ಲಬಹುದಿತ್ತು. ಇದರಲ್ಲಿ ಯಾವುದೊಂದಾದರೂ ತಪ್ಪು ನನ್ನದೇ. ಒಂಬತ್ತು ವರ್ಷದವಳಿದ್ದಾಗ ಒಂದೇ ದಿನದಲ್ಲಿ ಜೋಡಿಸಿಕೊಂಡ ಪಟ್ಟಿ ಅದು. ಈಗ ಐವತ್ತರ ಹತ್ತಿರ ಬಂದಿದ್ದೇನೆ. ಮಗಳ ಪರೀಕ್ಷೆ, ಗಂಡನ ಬಿ.ಪಿ., ಗ್ಯಾಸಿನ ನಳಿಗೆ ಎಂದು ಆಮೇಲೆ ನೂರಾರು ಪಟ್ಟಿ ಮಾಡಿದ್ದೇನೆ. ಆದರೆ ಮೊದಲನೆಯದರ ಕಳೆ ಯಾವುದಕ್ಕೂ ಬರಲಿಲ್ಲ.

ನಮ್ಮ ಮನೆ ಇದ್ದದ್ದು ಗದಗಿನಲ್ಲಿ, ಬೆಟಗೇರಿಯ ಕಡೆ ಹೋಗುವ ಒಂದು ಓಣಿಯಲ್ಲಿ. ಗಾಳಿ ಆ ದಿಕ್ಕಿನಿಂದ ಬೀಸಿದ ದಿನ ಮಧ್ಯಾಹ್ನದ ನಿದ್ದೆಯೊಳಗೆ ಮಗ್ಗಗಳ ಸಪ್ಪಳ ಬಂದು ಸೇರುತ್ತಿತ್ತು. ನಡುವೆ ಕಲ್ಲು ಹಾಸಿದ ಅಂಗಳ, ಸುತ್ತ ಪಡಸಾಲೆ, ಒಳಗೆ ಹಗಲಲ್ಲೂ ಕತ್ತಲಿರುವ ಅಡುಗೆಮನೆ. ಅಪ್ಪ ಕಚೇರಿಯಲ್ಲಿ ಕಾರಕೂನ. ಅಪ್ಪನ ತಮ್ಮ ಗುಂಡೂ ಕಾಕಾ ಹತ್ತಿ ಗಿರಣಿಯಲ್ಲಿ ಗುಮಾಸ್ತ. ಕೈಯಲ್ಲಿ ಲೇಖಣಿ, ಕಣ್ಣು ಮಾತ್ರ ಫಿಟ್ಟರ ನಟ್ಟು ತಿರುಗಿಸುವ ಪಾನಾದ ಮೇಲೆ. ಇವರಿಬ್ಬರ ನಡುವಿನವಳು ಅಂಬಕ್ಕ, ನನ್ನ ಅತ್ಯಾ. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಹನ್ನೊಂದು ವರ್ಷ ಅಡುಗೆಮನೆಯ ಒಂದು ಮೂಲೆಯಲ್ಲಿ, ಮಡಿಯಲ್ಲಿ, ತನ್ನಷ್ಟಕ್ಕೆ ಬೇರೆ ಬೇಯಿಸಿಕೊಂಡು ಒಪ್ಪತ್ತು ಉಂಡಳು. ತಾನು ಬೇಯಿಸಿದ್ದನ್ನು ಬಿಟ್ಟು ಮತ್ತೊಬ್ಬರು ಬೇಯಿಸಿದ್ದನ್ನು, ಸ್ವಂತ ತಾಯಿ ಬೇಯಿಸಿದ್ದನ್ನೂ, ಬಾಯಿಗಿಡುವಂತಿರಲಿಲ್ಲ. ಉಳಿದ ಹೊತ್ತಿನಲ್ಲಿ ಕಾಕಾ ತಂದುಕೊಟ್ಟ ಪುಸ್ತಕ ಓದಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿಕೊಂಡಿದ್ದಳು.

ಏಕೀಕರಣದ ಪೇಢೆ ಹಂಚಿ ಇನ್ನೂ ತಿಂಗಳಾಗಿರಲಿಲ್ಲ, ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಶಾಲೆಗೆ ಅತ್ಯಾಳ ಹೆಸರಿನಲ್ಲಿ ಹುಕುಂ ಬಂತು. ಬರುವ ಸೋಮವಾರ ಹನ್ನೊಂದರೊಳಗೆ ಹಾಜರಾಗಬೇಕು, ಇಲ್ಲದಿದ್ದರೆ ಕೆಲಸ ಮುಂದಿನವರಿಗೆ. ಅಜ್ಜಿಗೆ ಮೊದಲು ತಲೆಗೆ ಹೋದದ್ದು ಕೆಲಸವಲ್ಲ, ಊರು.

“ಅದು ಮೀರಜ ಸಂಸ್ಥಾನದವರ ಊರಲ್ಲೇನೋ ಗುಂಡ್ಯಾ? ಹೆಣ್ಣುಮಗಳನ್ನ ಪರರಾಜ್ಯಕ್ಕ ಕಳಸ್ತೀಯೇನು?”

“ಅವ್ವಾ, ಮೀರಜದವರೂ ಹೋದ್ರು, ಮುಂಬಯಿಯವರೂ ಹೋದ್ರು. ಈಗ ಎಲ್ಲಾ ನಮ್ಮದ ಅದ.”

ಅಪ್ಪ ಬಸ್ಸಿನ ಮಾತೆತ್ತಿದ. ಅಜ್ಜಿ ಬಿಲ್‌ಕುಲ್ ಒಪ್ಪಲಿಲ್ಲ. “ಬಸ್ಸಿನ್ಯಾಗ ಯಾರ್‍ಯಾರ್ದೋ ಮೈ ತಗಲ್ತದ. ಆಕಿ ಮಡಿ ಉಳೀತದೇನು? ತಮ್ಮನ ಹಿಂದ ಕೂತು ಹೋಗ್ಲಿ.” ಹೀಗೆ ಮಡಿ ಉಳಿಸುವ ಸಲುವಾಗಿ ನಮ್ಮ ವಂಶದ ಒಬ್ಬ ವಿಧವೆ ಕಾಕಾನ ಫಟಫಟಿ ಏರುವುದೆಂದು ಠರಾವಾಯಿತು. ತೊಡಕು ಒಂದೇ. ಆ ಫಟಫಟಿ ನಡೆಯುತ್ತಿರಲಿಲ್ಲ. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿದ್ದ ಕಾಲದ ಒಬ್ಬ ಅಧಿಕಾರಿ, ಸಂಸ್ಥಾನ ಮುಳುಗಿದಾಗ, ಯುದ್ಧಕ್ಕೂ ಮೊದಲಿನ ತನ್ನ ವಿಲಾಯತಿ ಗಾಡಿಯನ್ನು ಒಂದು ದನದ ಕೊಟ್ಟಿಗೆಯಲ್ಲಿ ಬಿಟ್ಟು ಹೋಗಿದ್ದ. ಎಂಟು ವರ್ಷ ಕೋಳಿಗಳು ಅದರ ಸೀಟಿನ ಮೇಲೆ ಕಾವು ಕೂತಿದ್ದವು. ಕಾಕಾ ಅದನ್ನು ಚಕ್ಕಡಿಯಲ್ಲಿ ಹೇರಿಕೊಂಡು ತಂದು ಅಂಗಳದಲ್ಲಿ ಇಳಿಸಿದ್ದ. ಅಪ್ಪ ಅದನ್ನು ಒಮ್ಮೆ, ಕಾಕಾನನ್ನು ಒಮ್ಮೆ ನೋಡಿ ಹೇಳಿದ: “ಸೋಮವಾರ ಮುಂಜಾನೆ ಇದು ಚಾಲೂ ಆಗಲಿಲ್ಲಂದ್ರ, ಅಂಬಿ ಬರೂದಿಲ್ಲಂತ ನಾನ ಕಾಗದ ಬರದು ಹಾಕ್ತೀನಿ.”

ಸೋಮವಾರಕ್ಕೆ ಉಳಿದಿದ್ದ ಮೂರು ದಿನ ಅಂಗಳ ತುಂಬ ಎಣ್ಣೆ, ತುಕ್ಕು, ಕಾಕಾನ ಬೀಡಿಯ ಕದ್ದ ವಾಸನೆ. ಬಿಚ್ಚಿದ ಭಾಗಗಳ ಕ್ರಮ ತಪ್ಪಬಾರದೆಂದು ಅತ್ಯಾ ಒಂದು ಉಪಾಯ ಮಾಡಿದಳು. ಕಲ್ಲಿನ ಮೇಲೆ ರಂಗೋಲಿಯ ಚುಕ್ಕಿ ಇಟ್ಟಳು, ಸಾಲಿಗೆ ಇಪ್ಪತ್ತು. ಬಿಚ್ಚಿದ ಒಂದೊಂದು ಭಾಗವೂ ಚಿಮಣಿ ಎಣ್ಣೆ ತುಂಬಿದ ಅಗಲ ತಟ್ಟೆಯಂಥ ಪರಾತದಲ್ಲಿ ಮುಳುಗಿ, ಮೈ ತೊಳೆದುಕೊಂಡು, ಒಂದೊಂದು ಚುಕ್ಕಿಯ ಮೇಲೆ ಹೋಗಿ ಕೂಡಬೇಕು. ಜೋಡಿಸುವಾಗ ಕೊನೆಯ ಚುಕ್ಕಿಯಿಂದ ಹಿಂದಕ್ಕೆ ಬರಬೇಕು. ಚುಕ್ಕಿ ಖಾಲಿಯಾದರೆ ಗಾಡಿ ಆಯಿತು. ಶಾಲೆಯಿಂದ ಬಂದ ಮೇಲೆ ಚುಕ್ಕಿ ಕಾಯುವ ಕೆಲಸ ನನ್ನದು. ಕಾಗೆ ಎತ್ತಿಕೊಂಡು ಹೋದೀತು ಎಂಬ ಭಯದಲ್ಲಿ ನೀರು ಕುಡಿಯಲೂ ಏಳುತ್ತಿರಲಿಲ್ಲ. “ಒಂದ ಒಂದು ತುಣುಕು ಉಳೀತಂದ್ರನೂ ಮತ್ತ ಮೊದ್ಲಿಂದ ಬಿಚ್ಚಬೇಕು, ಸುಮೀ,” ಎಂದು ಕಾಕಾ ಆಗಾಗ ನನ್ನ ಭಯಕ್ಕೆ ಎಣ್ಣೆ ಹಾಕುತ್ತಿದ್ದ.

ಭಾನುವಾರ ಇಳಿಹೊತ್ತಿಗೆ ಚುಕ್ಕಿಗಳೆಲ್ಲ ಖಾಲಿಯಾದವು. ಹನ್ನೆರಡನೆಯ ಒದೆತಕ್ಕೆ ಗಾಡಿ ಕೆಮ್ಮಿತು, ಹದಿಮೂರನೆಯದಕ್ಕೆ ಗುಡುಗಿತು. ಅಜ್ಜಿ ಒಳಗಿನಿಂದ ಆರತಿ ತಂದಳು. ಎಲ್ಲರೂ ಅತ್ತ ನೋಡುತ್ತಿದ್ದಾಗ ನಾನು ಪರಾತದ ಎಣ್ಣೆ ಬಗ್ಗಿಸಿದೆ. ತಳದಲ್ಲಿ ಒಂದು ಹಿತ್ತಾಳೆ ತುಣುಕು. ಹೆಬ್ಬೆರಳಿನ ತುದಿಯಷ್ಟು, ಮೈಮೇಲೆ ತಿರುಪಿನ ಆಟಿಗಳು, ಒಳಗೆ ಒತ್ತಿದರೆ ಮಿಡಿಯುವ ಸಣ್ಣ ಸ್ಪ್ರಿಂಗು. ಖಾಲಿ ಚುಕ್ಕಿಗಳನ್ನು ನೋಡಿದೆ, ಅದನ್ನು ನೋಡಿದೆ. ಹೇಳಿದರೆ ಗಾಡಿ ಮತ್ತೆ ಬಿಚ್ಚಬೇಕು, ಸೋಮವಾರ ತಪ್ಪುತ್ತದೆ, ಅಪ್ಪ ಕಾಗದ ಬರೆಯುತ್ತಾನೆ, ಅತ್ಯಾ ಮತ್ತೆ ಆ ಮೂಲೆಗೆ ಹೋಗಿ ಕೂಡುತ್ತಾಳೆ. ಹೇಳದಿದ್ದರೆ ಸಾಯುತ್ತಾಳೆ. ಒಂಬತ್ತು ವರ್ಷದ ಬುದ್ಧಿಗೆ ಮೂರನೆಯ ದಾರಿ ಕಾಣಲಿಲ್ಲ. ಅತ್ಯಾ ಆಗ ಗಾಡಿಯ ಸೀಟನ್ನು ಅಂಗೈಯಿಂದ ಒರೆಸುತ್ತ ನಿಂತಿದ್ದಳು. ತುಣುಕನ್ನು ಉಟ್ಟಿದ್ದ ಪರಕಾರದ ಅಂಚಿನಲ್ಲಿ ಗಂಟು ಕಟ್ಟಿಕೊಂಡೆ.

ಮುಂಜಾನೆ ಗಾಡಿಯ ಹಿಂದೆ ಟ್ರಂಕು, ಹಾಸಿಗೆ, ಸ್ಟೋವು ಎಲ್ಲ ಬಿಗಿದು ಅತ್ಯಾ ಅಡ್ಡ ಕೂತಳು. “ಹುಷಾರಿ ಅಂಬೀ,” ಎಂದಳು ಅಜ್ಜಿ, “ಅಂವಗ ತಗಲಿಸ್ಕೊಂಡು ಕೂಡಬ್ಯಾಡ, ಅಂವಾ ಇನ್ನೂ ಸ್ನಾನ ಮಾಡಿಲ್ಲ.” ಅವರು ಹೋದ ಮೇಲೆ ಮೊದಲು ಹೇಳಿದ ಪಟ್ಟಿ ಶುರುವಾಯಿತು. ಶಾಲೆಯಲ್ಲಿ ಮಗ್ಗಿ ಹೇಳಲು ನಿಲ್ಲಿಸಿದರೆ ಅತ್ತುಬಿಟ್ಟೆ. ಸಂಜೆ ಗುಡುಗು ಕೇಳಿ ಹೊರಗೆ ಓಡಿದೆ. ಕಾಕಾ ಒಬ್ಬನೇ ಬಂದಿದ್ದ. ಅತ್ಯಾಳನ್ನು ಬಿಟ್ಟುಬರಲೆಂದೇ ಹೋದವನು ಒಬ್ಬನೇ ಬರಬೇಕಲ್ಲ ಎಂದು ಹೊಳೆಯುವ ಮೊದಲೇ ಇಡೀ ಓಣಿ ಕೇಳುವಂತೆ ಚೀರಿ, ಗಂಟು ಬಿಚ್ಚಿ, ತುಣುಕನ್ನು ಅವನ ಮುಂದೆ ಹಿಡಿದಿದ್ದೆ.

ಕಾಕಾ ಬೈಯಲಿಲ್ಲ. ಮುಖ ಬಿಳುಪೇರಿತು, ಅಷ್ಟೆ. ಆ ವಾರವಿಡೀ ಅವನು ತುಣುಕನ್ನು ಹಿಡಿದುಕೊಂಡು ತಿರುಗಿದ. ಗಿರಣಿಯ ಫಿಟ್ಟರ ಕಾರ್ಬೊರೇಟರಿನದು ಅಂದ. ಬೆಟಗೇರಿಯ ನೇಕಾರನೊಬ್ಬ ತಿರುಗಿಸಿ ನೋಡಿ, “ನಮ್ಮ ಮಗ್ಗದ್ದಂತೂ ಅಲ್ರಿ, ಆದ್ರ ಭಾಳ ಛಲೋ ಐತಿ, ಇಟ್ಕೊಳ್ಳಲೇನ್ರಿ?” ಅಂದ. ಪತ್ತಾರ ಒರೆಗೆ ಹಚ್ಚಿ, ಬಂಗಾರವಲ್ಲ ಎಂದು ತೀರ್ಪು ಕೊಟ್ಟ. ಕಾಕಾ ಅರ್ಧ ಗಾಡಿ ಮತ್ತೆ ಬಿಚ್ಚಿದ. ಅದಕ್ಕೊಂದು ತೂತು ಎಲ್ಲೂ ಸಿಗಲಿಲ್ಲ. ಗಾಡಿ ಮಾತ್ರ ಅದಿಲ್ಲದೆಯೂ ಹದಿಮೂರನೆಯ ಒದೆತಕ್ಕೆ ನಿಯಮದಂತೆ ಗುಡುಗುತ್ತಿತ್ತು.

ಶುಕ್ರವಾರ ಓಣಿಯಲ್ಲಿ ಸ್ಟೋವು ರಿಪೇರಿಯ ಮುದುಕ ಕೂಗುತ್ತ ಬಂದ. ಪಡಸಾಲೆಯ ಕಟ್ಟೆಯ ಮೇಲಿದ್ದ ತುಣುಕನ್ನು ಕಂಡವನೇ ನಿಂತ.

“ರಾಯರ, ಸ್ಟೋವಿನ ಜೀವಾ ತಗದು ಬಿಸಿಲಿಗಿಟ್ಟೀರಲ್ರಿ?”

“ಯಾವ ಸ್ಟೋವಿಂದೋ?” ಎಂದ ಕಾಕಾ.

“ಪಂಪಿನ ಕೊಳವಿ ತಳದಾಗ ಇರ್ತೈತ್ರಿ ಇದು, ಹವಾ ಹಿಡಿಯಾಕ. ಇದ ಇಲ್ಲಂದ್ರ ಎಷ್ಟ ಪಂಪ್ ಹೊಡದ್ರೂ ಹತ್ತಾಂಗಿಲ್ಲ. ಇದನ್ನ ತಗ್ಯಾಕ ಉದ್ದನ ಕೀಲಿ ಬೇಕು. ಯಾ ಶಾಣ್ಯಾ ತಗದ?”

ಶಾಣ್ಯಾ ತಲೆ ಬಗ್ಗಿಸಿದ. ಶನಿವಾರ ನಾನು ಶಾಲೆಗೆ ಹೋಗಿದ್ದ ಹೊತ್ತಿನಲ್ಲಿ, ಹೇಗೂ ಎಣ್ಣೆ ತುಂಬಿದ ಪರಾತ ಮುಂದಿದೆ ಎಂದು, ಅಕ್ಕ ಒಯ್ಯಲಿದ್ದ ಸ್ಟೋವನ್ನೂ, ಇಕ್ಕಳ ಹಾಕಿ ಕೈಗೆ ಬಂದದ್ದೆಲ್ಲ ಬಿಚ್ಚಿ, ತೊಳೆದುಕೊಟ್ಟಿದ್ದನಂತೆ. ಅದಕ್ಕೆ ಚುಕ್ಕಿ ಇಟ್ಟಿರಲಿಲ್ಲ. “ತಗಿಯಾಕ ಬರ್ತೈತಿ, ಇಡಾಕ ಬರಂಗಿಲ್ಲ ನಮ್ಮ ರಾಯರಿಗೆ,” ಎಂದು ಮುದುಕ ನಕ್ಕ. ನಾನೂ ನಕ್ಕೆ, ನನ್ನ ಮೇಲಿನ ಕೊಲೆಯ ಆರೋಪ ಆಗತಾನೆ ಬಿದ್ದುಹೋಗಿತ್ತು. ಅಜ್ಜಿ ಮಾತ್ರ ನಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಕೇಳಿದಳು: “ಹಂಗಾದ್ರ ಅಂಬಿ ಐದು ದಿವಸ ಏನು ಉಂಡ್ಳೋ?”

ಭಾನುವಾರ ಕಾಕಾ ಮುದುಕನ ಕೀಲಿ ಎರವಲು ತಂದು, ನನ್ನನ್ನು ಹಿಂದೆ ಕೂಡಿಸಿಕೊಂಡು ಲಕ್ಷ್ಮೇಶ್ವರಕ್ಕೆ ಹೋದ. ಒಣಗಿ ಕಡ್ಡಿಯಾದ ಅತ್ಯಾಳನ್ನು ನೋಡುವ ಧೈರ್ಯ ಕೂಡಿಸಿಕೊಳ್ಳುತ್ತಿದ್ದೆ. ಖೋಲಿಯ ಕಟ್ಟೆಯ ಮೇಲೆ ಅವಳು ಕುರ್ತಕೋಟಿಯ ಒಕ್ಕಲುತನದ ಮನೆಯವಳಾದ ನೀಲವ್ವ ಎಂಬ ಇನ್ನೊಬ್ಬ ಶಿಕ್ಷಕಿಯ ಜೊತೆ ಕೂತು, ಒಂದೇ ತಾಟಿನಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ತಿನ್ನುತ್ತಿದ್ದಳು. ಮುಖ ತುಂಬಿಕೊಂಡಿತ್ತು. ನಮ್ಮನ್ನು ಕಂಡು ಕೈ ತಡೆಯಿತು. ಬಾಯೊಳಗಿನ ತುತ್ತನ್ನು ನುಂಗಲೋ ಉಗುಳಲೋ ತಿಳಿಯದೆ ಒಂದು ಗಳಿಗೆ ಹಾಗೇ ಕೂತಳು, ಆಮೇಲೆ ನುಂಗಿದಳು. “ಮೊದಲನೇ ದಿವಸ ಸ್ಟೋ ಹತ್ತಲಿಲ್ಲ, ಅಳಾಕ ಹತ್ತಿದ್ರು,” ಎಂದಳು ನೀಲವ್ವ. “ಉಣ್ರಿ ಅಂದೆ. ನಿಮ್ಮ ನಡೂಮನಿ ದೇವರಿಗೆ ನಾ ಹೇಳ್ಕೋತೀನಿ, ಮೊದ್ಲ ನೀವು ಉಣ್ರಿ ಅಂದೆ.” ನಾನು ಹೆದರಿದ್ದ ಯಾವುದೂ ಆಗಿರಲಿಲ್ಲ. ಒಂದು ವಾರ ಒಂದು ಸ್ಟೋವು ಹತ್ತಿರಲಿಲ್ಲ. ಕಾಕಾ ತುಣುಕನ್ನು ಕೂಡಿಸಿ ಸ್ಟೋವು ಹಚ್ಚಿದ. ಅತ್ಯಾ ಅದರ ಮೇಲೆ ನಾಲ್ಕು ಜನಕ್ಕೆ ಚಹಾ ಮಾಡಿದಳು.

“ಏನು ಉಂಡ್ಳಂತ?” ಎಂದು ಅಜ್ಜಿ ಕೇಳಿದಾಗ ಕಾಕಾ “ಹಾಲು, ಹಣ್ಣು” ಅಂದ. ಅಜ್ಜಿ ನನ್ನ ಕಡೆ ನೋಡಿದಳು. ನಾನು ನನ್ನ ಕಾಲ ಬೆರಳು ನೋಡಿಕೊಂಡೆ. ಮುಂದೆ ಅತ್ಯಾ ರಜೆಗೆ ಬಂದಾಗಲೆಲ್ಲ ಹಿಂದಿನಂತೆಯೇ ಮೂಲೆಯಲ್ಲಿ ಮಡಿಯಲ್ಲಿ ಬೇಯಿಸಿಕೊಂಡು ಉಂಡಳು, ಅಜ್ಜಿ ಹಿಂದಿನಂತೆಯೇ ದೂರ ನಿಂತು ನೀರು ಹಾಕಿದಳು. ಹೊರಡುವ ದಿನ ಮಾತ್ರ ಶೇಂಗಾ ಚಟ್ನಿಪುಡಿಯನ್ನು ಎರಡು ಪೊಟ್ಟಣ ಕಟ್ಟಿ ಕೊಡುತ್ತಿದ್ದಳು. ಒಂದೇ ಪುಡಿ, ಒಂದೇ ಅಳತೆ. ಎರಡನೆಯದು ಯಾರಿಗೆಂದು ಅವಳೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಆ ಮನೆ ಪಾಲಾಗಿ, ಅಂಗಳದ ನಡುವೆ ಗೋಡೆ ಎದ್ದು, ಒಂದು ಭಾಗದಲ್ಲಿ ಈಗ ಹಿಟ್ಟಿನ ಗಿರಣಿ ಇದೆ. ಕಾಕಾ ಹೋದ; ಗಾಡಿ ಅವನಿಗಿಂತ ಮೊದಲೇ ಹೋಗಿತ್ತು. ಕಾಕಾ ಇನ್ನೂ ಇದ್ದಾಗಲೇ, ನೀಲವ್ವ ಮುಂಡರಗಿಗೆ ವರ್ಗವಾಗಿ ಹೋಗಿ, ಅಲ್ಲಿಯೇ ಜ್ವರದಲ್ಲಿ ತೀರಿಕೊಂಡ ಸುದ್ದಿ ಒಂದು ಕಾರ್ಡಿನಲ್ಲಿ ಬಂತು. ಅಜ್ಜಿಗೆ ಆಗ ಕಣ್ಣು ಮಂದವಾಗಿದ್ದವು. ಹೇಳಬೇಕೆಂದು ಕಾಕಾ ಅಂದ, ಬೇಡ ಎಂದು ಅತ್ಯಾ ಅಂದಳು, ನಾನು ಎಂದಿನಂತೆ ಚಿಂತೆ ಮಾಡಿದೆ. ಹೀಗಾಗಿ ಯಾರೂ ಹೇಳಲಿಲ್ಲ. ಆ ಸಲದ ರಜೆ ಮುಗಿದಾಗ ಅಜ್ಜಿ ತಡವರಿಸುತ್ತ ಎರಡು ಪೊಟ್ಟಣ ಕಟ್ಟಿ ಹೊಸ್ತಿಲ ಮೇಲಿಟ್ಟಳು. ಅತ್ಯಾ ಎರಡನ್ನೂ ಚೀಲದೊಳಗೆ ಇಟ್ಟುಕೊಂಡಳು.