ವಾರ್ಡಿನ ಈಶಾನ್ಯ

ಇವತ್ತು ಬೆಳಿಗ್ಗೆ ಪೇಪರ್ ಬಿಡಿಸಿದರೆ ಅದರ ತುಂಬ ನನ್ನದೇ ಬೆರಳಿನ ಬಿಳಿ ಗುರುತುಗಳು. ರಂಗೋಲಿ ಪುಡಿ. ಕೈ ತೊಳೆಯದೆ ಪೇಪರ್ ಮುಟ್ಟಿದ್ದಕ್ಕೆ ಹೆಂಡತಿ ಗೊಣಗಿದ್ದೂ ಆಯಿತು. ಆ ಗುರುತುಗಳ ನಡುವೆ ಸುದ್ದಿ ಇತ್ತು: ವಾರ್ಡುಗಳ ಗಡಿ ಮತ್ತೆ ಬದಲಾಗಲಿದೆ, ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು. ನಮ್ಮ ಊರಿನಲ್ಲಿ ಪಾಲಿಕೆ ಚುನಾವಣೆ ಯಾವಾಗ ನಡೆಯಿತೆಂದು ನೆನಪಿಸಿಕೊಳ್ಳಲು ನಾನು ತಲೆ ಕೆರೆದುಕೊಳ್ಳಬೇಕು. ಗಡಿ ಮಾತ್ರ ಬದಲಾಗುತ್ತಲೇ ಇರುತ್ತದೆ. ಮದುವೆಯ ಸುಳಿವೇ ಇಲ್ಲದೆ ಛತ್ರಕ್ಕೆ ಮತ್ತೆ ಮತ್ತೆ ಸುಣ್ಣ ಹೊಡೆಸುವವರನ್ನು ನೀವು ನೋಡಿರಲಿಕ್ಕಿಲ್ಲ. ನಮ್ಮಲ್ಲಿಗೆ ಬನ್ನಿ, ತೋರಿಸುತ್ತೇನೆ.

ಈ ಮನುಷ್ಯನಿಗೆ ರಂಗೋಲಿ ಪುಡಿಯ ಸಹವಾಸ ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ಗೌರಮ್ಮನವರಿಂದ ಶುರುಮಾಡಬೇಕು.

ಗೌರಮ್ಮನವರದು ನಮ್ಮ ಎದುರು ಮನೆ. ಕತ್ರಿಗುಪ್ಪೆ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆದ ಮನೆತನ. ಈಗ ಅದೇ ಜಾಗದಲ್ಲಿ ಮಹಡಿಯ ಮೇಲೆ ಮಹಡಿ ಬೆಳೆದು, ಬಾಡಿಗೆದಾರರು ಫಸಲಿಗೆ ಬಂದಿದ್ದಾರೆ. ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್, ಅದರ ಬುಡವೇ ಅವರ ಮನೆಯ ಮೂಲೆ. ಹಿಂದೊಮ್ಮೆ ಎರಡು ವಾರ್ಡುಗಳ ಗಡಿ ಅಲ್ಲಿಯೇ ಹಾದುಹೋಗಿತ್ತಂತೆ. ಈ ವಾರ್ಡಿನ ಕಸದ ಆಟೋದವನು "ಅದು ಅವ್ರದು" ಅನ್ನುವುದು, ಆ ವಾರ್ಡಿನವನು "ಅದು ಇವ್ರದು" ಅನ್ನುವುದು. ನಡುವೆ ಕಸದ ಗುಡ್ಡ, ಅದರ ಮೇಲೆ ನಾಯಿಗಳ ದರ್ಬಾರು. ಮುಂದೆ ಗಡಿ ಸರಿದು ಮೂಲೆ ಒಂದೇ ವಾರ್ಡಿಗೆ ಸೇರಿದಾಗ ಗೌರಮ್ಮನವರು ಅಲ್ಲಿ ಸಗಣಿ ಸಾರಿಸಿ ರಂಗೋಲಿ ಹಾಕತೊಡಗಿದರು. ಕಸ ಎಸೆಯಲು ಅಂಜದ ಜನ ರಂಗೋಲಿ ತುಳಿಯಲು ಅಂಜುತ್ತಾರೆ. ಅಂಜದವರಿಗೆ ಗೌರಮ್ಮನವರ ಬಾಯಿ ಇತ್ತು.

"ಏನಪ್ಪಾ, ಕವರ್ ಮರ್ತ್ ಬಿಟ್ ಹೋಗ್ತಿದೀಯಲ್ಲ! ಅಡ್ರೆಸ್ ಹೇಳು, ನಿಮ್ಮನೆ ದೇವ್ರ ಮುಂದೇನೇ ತಂದಿಡ್ತೀನಿ."

ಸ್ಕೂಟರಿನವನು ಕಸದ ಕವರ್ ಎತ್ತಿಕೊಂಡು ಹೋಗುವಾಗ ನಾನು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತ ಅನುಭವಿಸುತ್ತಿದ್ದೆ. ಸಮಾಜಸೇವೆಯಲ್ಲಿ ನನ್ನ ಪಾಲು ಅಷ್ಟೇ.

ಕೆಲವು ವರ್ಷಗಳ ಹಿಂದೆ ವಾರ್ಡು ಗಡಿಯ ಹೊಸ ಕರಡು ನಕ್ಷೆ ಬಂತು. ಗೆರೆ ಮತ್ತೆ ನಮ್ಮ ರಸ್ತೆಯ ನಟ್ಟನಡುವೆ. ಗೌರಮ್ಮನವರ ಸಾಲು ಹಳೆಯ ವಾರ್ಡಿನಲ್ಲಿ, ನಮ್ಮ ಸಾಲು ಪಕ್ಕದ ವಾರ್ಡಿಗೆ, ಟ್ರಾನ್ಸ್‌ಫಾರ್ಮರ್ ಸರಿಯಾಗಿ ಗೆರೆಯ ಮೇಲೆ. ಗುಡ್ಡ ವಾಪಸ್ ಬರುತ್ತದೆಂದು ಗೌರಮ್ಮನವರ ನಿದ್ದೆ ಹಾರಿಹೋಯಿತು. ಹಿಂದಿನ ಅಡ್ಡರಸ್ತೆಯ ಮೂರ್ತಿಗಳು ಆಕ್ಷೇಪಣೆ ಬರೆಯಲು ಕುಳಿತರು. ಅವರು ನಿವೃತ್ತ ಎಂಜಿನಿಯರು. "ಭೌಗೋಳಿಕ ಅಖಂಡತೆ" ಎಂದೆಲ್ಲ ಬರೆದು ನಮಗೆ ಓದಿ ಹೇಳಿದರು. ನನಗೆ ಅರ್ಥವಾಗಲಿಲ್ಲ, ಆದ್ದರಿಂದ ತುಂಬ ಚೆನ್ನಾಗಿದೆ ಎಂದೆ.

ಗೌರಮ್ಮನವರು ಮಾತ್ರ ನಕ್ಷೆಯನ್ನೇ ನೋಡುತ್ತಿದ್ದರು. ಬಿಸ್ಕತ್ತಿನ ಮೂಲೆ ಕಚ್ಚಿದಂತೆ ಹೊಸ ಗೆರೆ ನಮ್ಮ ಸಾಲನ್ನು ಅವರ ವಾರ್ಡಿನಿಂದ ಕಿತ್ತಿತ್ತು.

"ಅಯ್ಯೋ, ಈಶಾನ್ಯ ಕಟ್ ಆಗೈತಲ್ಲ ಸಾರ್!"

"ವಾರ್ಡಿಗೆ ಎಂಥಾ ವಾಸ್ತು ರೀ? ಮೂಢನಂಬಿಕೆ," ಎಂದರು ಮೂರ್ತಿಗಳು.

ಮೂರ್ತಿಗಳ ಮನೆಯ ಗೇಟು ಪೂರ್ವಕ್ಕೆ ಓರೆಯಾಗಿ ತಿರುಗಿಕೊಂಡಿದೆ. ಕೇಳಿದರೆ "ಅದು ಕಾರ್ ತಿರುಗ್ಸೋಕೆ ಕಣ್ರೀ" ಎನ್ನುತ್ತಾರೆ. ಅವರ ಬಳಿ ಕಾರಿಲ್ಲ. ನಾನೂ ಸಾಚಾ ಅಲ್ಲ ಬಿಡಿ. ನೀರಿನ ಸಂಪು ಈಶಾನ್ಯಕ್ಕೇ ಬರಬೇಕೆಂದು ಅಡುಗೆಮನೆಯನ್ನು ಕಿರಿದು ಮಾಡಿಸಿದವನು. ನಮ್ಮ ಫ್ರಿಜ್ಜು ಇವತ್ತಿಗೂ ನಡುಮನೆಯಲ್ಲಿ, ಟೀವಿಯ ಪಕ್ಕ ನೆಂಟನಂತೆ ನಿಂತಿದೆ.

ಅಹವಾಲು ಕೇಳುವ ದಿನ ಸಭಾಂಗಣ ತುಂಬಿತ್ತು. ಒಬ್ಬರಿಗೆ ಪಾರ್ಕು ತಮ್ಮ ವಾರ್ಡಿಗೇ ಬೇಕು, ಇನ್ನೊಬ್ಬರಿಗೆ ಸ್ಮಶಾನ ಬೇರೆಯವರ ವಾರ್ಡಿಗೆ ಹೋಗಬೇಕು. ಖಾತೆ ಮಾಡಿಸಲು ಬಂದವರೊಬ್ಬರು ತಪ್ಪಿ ಇದೇ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಬಿಟ್ಟುಕೊಡಲು ಮನಸ್ಸಾಗದೆ ಸುಮ್ಮನೆ ಏನನ್ನೋ ಆಕ್ಷೇಪಿಸಿ ಹೋದರು. ಮೂರ್ತಿಗಳು ಅಖಂಡತೆಯ ಮೊದಲ ಸಾಲಿನಲ್ಲಿರುವಾಗಲೇ ಅಧಿಕಾರಿ "ಬರ್ಕೊಂಡಿದೀವಿ ಸಾರ್, ನೆಕ್ಸ್ಟ್" ಎಂದರು. ನೆಕ್ಸ್ಟ್ ಗೌರಮ್ಮನವರು.

"ಸಾರ್, ಈಶಾನ್ಯ ಕಟ್ ಆಗಿರೋ ಸೈಟು ಕೊಟ್ರೆ ನೀವು ಮನೆ ಕಟ್ತೀರಾ?"

"ಅಮ್ಮ, ಇದು ಸೈಟಲ್ಲ. ವಾರ್ಡು."

"ಅದ್ಕೇ ಕೇಳ್ತಿರೋದು. ಸೈಟಾದ್ರೆ ಒಂದ್ ಮನೆ ಕೆಡುತ್ತೆ. ಇದ್ರಲ್ಲಿ ನಾವಿಷ್ಟ್ ಜನ ಇದೀವಿ. ಈಶಾನ್ಯದಲ್ಲಿ ಕಸ ಬಿದ್ರೆ ಯಾರ್ ಉದ್ಧಾರ ಆಗ್ತಾರೆ?"

ಅಧಿಕಾರಿ ನಗಲಿಲ್ಲ. ನಕ್ಷೆಯನ್ನು ಮೆಲ್ಲಗೆ ತಿರುಗಿಸಿ ನೋಡಿದರು. ಅವರೂ ಎಲ್ಲೋ ಸೈಟು ತೆಗೆದುಕೊಂಡಿರಬೇಕು. ಸಭಾಂಗಣದಲ್ಲಿ ಎಲ್ಲರೂ ತಂತಮ್ಮ ವಾರ್ಡಿನ ಈಶಾನ್ಯ ಹುಡುಕತೊಡಗಿದರು. ಬನಶಂಕರಿಯ ಒಬ್ಬರು ತಮ್ಮ ವಾರ್ಡಿಗೆ ನೈಋತ್ಯ ಬೆಳೆದಿದೆ ಎಂದು ಗಾಬರಿಯಿಂದ ಎದ್ದು ನಿಂತರು. ಅಷ್ಟು ಮನಃಪೂರ್ವಕವಾಗಿ ಜನ ಸರ್ಕಾರಿ ನಕ್ಷೆ ಓದಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಅಂತಿಮ ಆದೇಶದಲ್ಲಿ ನಮ್ಮ ಆಕ್ಷೇಪಣೆಯನ್ನು "ಪರಿಗಣಿಸಲಾಗಿದೆ" ಎಂದಿತ್ತು. ಗೆರೆ ಇದ್ದಲ್ಲೇ ಇತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು "ಹೋಗಿ ಕಾಗದ ಬರೀತೀವಿ" ಅನ್ನುತ್ತಿದ್ದರಲ್ಲ, ಅದೇ ಜಾತಿಯ ಮಾತು ಇದು.

ವಾರದೊಳಗೆ ಮೂಲೆಯ ನಮ್ಮ ಬದಿಗೆ ಮೊದಲ ಕವರ್ ಬಿತ್ತು. ಮಾರನೆಯ ಬೆಳಿಗ್ಗೆ ಗೌರಮ್ಮನವರು ನಮ್ಮ ಗೇಟು ಬಡಿದರು. ಕೈಯಲ್ಲಿ ಪುಡಿಯ ಡಬ್ಬಿ.

"ಬನ್ನಿ ಸಾರ್. ನಮ್ ವಾರ್ಡಿಂದು ಅರ್ಧ ನಾನ್ ಹಾಕ್ತೀನಿ. ನಿಮ್ ವಾರ್ಡಿಂದು ನೀವ್ ಹಾಕಿ."

"ನನಗೆ ಬರಲ್ಲ ಗೌರಮ್ನೋರೆ. ನನ್ನ ಹೆಂಡತೀನ ಕರೀತೀನಿ."

"ಅವ್ರು ಅಡುಗೆ ಮಾಡ್ತಾವ್ರೆ. ಬಾಲ್ಕನೀಲಿ ನಿಂತಿದ್ದೋರು ನೀವು."

ನನ್ನ ಅರ್ಧ ಮುರಿದ ಜಿಲೇಬಿಯಂತೆ ಬಂತು. ಹಾಲಿನವನು ಗಾಡಿ ನಿಲ್ಲಿಸಿ ನಕ್ಕ. ಆದರೆ ಯಾರೂ ತುಳಿಯಲಿಲ್ಲ. ಹಾಗೆಯೇ ಮುಂದುವರಿಯಿತು, ಒಂದು ಮೂಲೆ, ಎರಡು ವಾರ್ಡು, ಮುಕ್ಕಾಲು ರಂಗೋಲಿ. ಕಳೆದ ವರ್ಷ ಮಂಡಿನೋವಿನಿಂದ ಅವರು ಅಂಜನಾಪುರದ ಮಗಳ ಮನೆಗೆ ಹೋದ ಮೇಲೆ ಎರಡೂ ವಾರ್ಡುಗಳು ನನ್ನ ಪಾಲಿಗೆ ಬಂದವು. ಅವರು ಫೋನು ಮಾಡುತ್ತಿರುತ್ತಾರೆ. ಹೇಗಿದ್ದೀರಿ ಎಂದು ಕೇಳುವುದಿಲ್ಲ. "ಮೂಲೆ ಹೆಂಗೈತೆ?" ಎನ್ನುತ್ತಾರೆ. ಆ ದನಿ ಕೇಳದ ದಿನ ನನಗೆ ಏನೋ ಕಳೆದುಕೊಂಡಂತೆ ಬೇಸರ.

ಇವತ್ತಿನ ಪೇಪರ್ ನೋಡಿ ನಾನೇ ಫೋನು ಮಾಡಿದೆ. "ಗೌರಮ್ನೋರೆ, ಗೆದ್ವಿ! ಹೊಸ ಕರಡಲ್ಲಿ ನಮ್ಮ ಮೂಲೆ ಪೂರ್ತಿ ಒಂದೇ ವಾರ್ಡಿಗೆ ಬಂದಿದೆ."

"ಸಂತೋಷ. ಗೆರೆ ಈಗ ಯಾರ್ ಮನೆ ಮುಂದಕ್ಕೆ ಹೋಯ್ತು?"

ಅದನ್ನು ನಾನು ನೋಡಿಯೇ ಇರಲಿಲ್ಲ. ಕನ್ನಡಕ ಏರಿಸಿ, ಪೇಪರಿನಲ್ಲಿದ್ದ ನಕ್ಷೆಯ ಮೇಲೆ ಬಿಳಿ ಬೆರಳಿಟ್ಟು ಹುಡುಕಿದೆ. ಹಿಂದಿನ ಅಡ್ಡರಸ್ತೆ. ಮೂರ್ತಿಗಳ ಓರೆ ಗೇಟಿನ ಎದುರು.

ಗೌರಮ್ಮನವರು ತುಂಬ ಹೊತ್ತು ನಕ್ಕರು. ಆಮೇಲೆ, "ಪಾಪ, ಅವ್ರಿಗ್ ಬರಾಕಿಲ್ಲ. ಹೋಗಿ ಹೇಳ್ಕೊಡಿ ಸಾರ್," ಎಂದರು.

ಡಬ್ಬಿ ಹಿಡಿದು ಹೋದೆ. ಮೂರ್ತಿಗಳು ಜಗಲಿಯಲ್ಲಿ ಕುಳಿತು ಆಗಲೇ ಬರೆಯುತ್ತಿದ್ದರು. ತಲೆ ಎತ್ತದೆ ಕೇಳಿದರು:

"ರೀ, ಈಶಾನ್ಯ ಕಟ್ ಆಗಿದೆ ಅನ್ನೋದನ್ನ ಸ್ವಲ್ಪ ಗೌರವವಾಗಿ ಹೇಗೆ ಬರೀಬೋದು?"