ತೊಟ್ಟಿಕ್ಕುವುದು ನಿಂತ ಪಂಪು

ಕೆಸರು ನೀರನ್ನು ಲೋಟದಲ್ಲಿ ಹಿಡಿದಿಟ್ಟರೆ ಮಣ್ಣು ಕೆಳಗಿಳಿದು, ನೀರು ಮೇಲಿನಿಂದ ತಿಳಿಯಾಗುತ್ತಾ ಬರುತ್ತದೆ. ಆ ವರ್ಷ ನವರಾತ್ರಿ ಕಳೆದ ಮೇಲೆ ನಮ್ಮ ಹಿತ್ತಿಲ ನಲ್ಲಿಯ ನೀರು ಕೆಳಗಿನಿಂದ ತಿಳಿಯಾಗತೊಡಗಿತು. ಪಾತ್ರೆ ಬೆಳಗುತ್ತಾ ಕೂತವಳು ಅದನ್ನು ನೋಡಿದೆ, ನೋಡಿ ಸುಮ್ಮನಾದೆ. ಅದು ಹೇಳುವಂಥ ಸಂಗತಿಯೆಂದು ಆಗ ಅನ್ನಿಸಲಿಲ್ಲ.

ಅರವತ್ತರ ದಶಕದ ಆರಂಭ. ತುಮಕೂರಿನ ಹೊರಗೆ ಒಂದು ನೂಲಿನ ಗಿರಣಿ, ಅದರ ಹಿಂದೆ ಕೆಲಸಗಾರರ ಲೈನ್ ಮನೆಗಳು, ಅದರಾಚೆ ಕೆರೆಯ ಕಡೆಗೆ ನೀರಿನ ಮನೆ. ಕೆರೆಯ ನೀರನ್ನು ಪಂಪಿನಲ್ಲಿ ಎಳೆದು, ಶುದ್ಧ ಮಾಡಿ, ಗಿರಣಿಗೂ ಲೈನಿಗೂ ಬಿಡುವ ಉಸ್ತುವಾರಿ ನಮ್ಮ ಯಜಮಾನರದು. ಮೊದಲು ಒಂದು ದೊಡ್ಡ ತೊಟ್ಟಿ. ಅಲ್ಲಿ ನೀರಿಗೆ ಪಟಿಕ ಬೆರೆಸುತ್ತಿದ್ದರು, ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುತ್ತಾರಲ್ಲ, ಅದೇ. ಪಟಿಕ ಬಿದ್ದರೆ ಮಣ್ಣು ಒಡೆದ ಹಾಲಿನ ಹಾಗೆ ಚೂರು ಚೂರಾಗಿ ಕೂಡಿಕೊಂಡು ನಿಧಾನಕ್ಕೆ ತಳ ಸೇರುತ್ತದೆ. ಮೇಲಿನ ತಿಳಿನೀರು ಮುಂದಿನ ಮರಳಿನ ತೊಟ್ಟಿಗೆ ಹರಿದು, ಸೋಸಿ, ಕೊಳಾಯಿಗೆ ಬರುತ್ತದೆ. ನಮ್ಮ ಹಿತ್ತಿಲಿಗೆ ಮಾತ್ರ ಗಿಡಗಳಿಗೆಂದು ಪಂಪಿನಿಂದ ನೇರವಾಗಿ ಬರುವ ಹಸಿ ನೀರಿನ ನಲ್ಲಿಯೊಂದಿತ್ತು.

ಯಜಮಾನರು ಗುಬ್ಬಿಯವರು. ಮಾತು ಕಡಿಮೆ. ಮನೆಗೆ ಯಾರೇ ಬರಲಿ, ಕಾಫಿಗೆ ಮೊದಲು ಗಾಜಿನ ಲೋಟದಲ್ಲಿ ನೀರು ಕೊಡಿಸುತ್ತಿದ್ದರು. ಲೋಟದಾಚೆ ಗೋಡೆಯ ಕ್ಯಾಲೆಂಡರಿನ ಅಂಕಿ ಓದಲು ಬರುತ್ತದೆಯೋ ಇಲ್ಲವೋ ಎಂದು ಬಂದವರು ಕುಡಿಯುವ ಮುಂಚೆ ತಾವೇ ಒಮ್ಮೆ ಬಗ್ಗಿ ನೋಡುವರು. ಬೇರೆ ಯಾವ ಜಂಬವೂ ಅವರಿಗಿರಲಿಲ್ಲ.

ಆಯುಧಪೂಜೆಯ ದಿನ ಪಂಪಿನ ಮುಂದೆ ರಂಗೋಲಿ ಹಾಕುವುದು ಪ್ರತಿ ವರ್ಷವೂ ನನ್ನ ಪಾಲಿನ ಕೆಲಸ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಕಸೂತಿಯ ಹೂಗಳನ್ನೇ ನಾನು ರಂಗೋಲಿಯಲ್ಲೂ ಬಿಡಿಸುತ್ತಿದ್ದೆ. ಪಂಪಿನ ದಂಡ ಒಳಗೆ ಹೋಗುವ ಕಡೆ ಎಣ್ಣೆಹಗ್ಗ ಸುತ್ತಿ ಬಿಗಿದ ಒಂದು ಬಳೆ ಇತ್ತು. ಅಲ್ಲಿಂದ ಯಾವಾಗಲೂ ಹನಿ ಹನಿಯಾಗಿ ನೀರು ತೊಟ್ಟಿಕ್ಕುತ್ತಿತ್ತು. ಹಿಂದಿನ ವರ್ಷ ಆ ನೀರು ಹರಿದು ರಂಗೋಲಿಯೆಲ್ಲ ಕಲಸಿ, ಪೂಜೆಗೆ ಬಂದಿದ್ದ ಗಿರಣಿ ಮಾಲೀಕರ ತಾಯಿಯ ರೇಷ್ಮೆ ಸೀರೆಯ ಅಂಚಿಗೆ ಕೆಂಪು ಬಣ್ಣ ಹತ್ತಿತ್ತು. ಈ ಸಲ ಮ್ಯಾನೇಜರು ಮುಂಚೆಯೇ ಬಂದರು. ಯಜಮಾನರು ತಮ್ಮ ತಾಯಿಯನ್ನು ಕರೆತರಲು ಗುಬ್ಬಿಗೆ ಹೋಗಿದ್ದರು. ನಾನು ಕೂತು ಚುಕ್ಕಿ ಇಡುತ್ತಿದ್ದೆ.

"ಏನ್ರೀ ಮೇಸ್ತ್ರಿ, ಪೂಜೆ ದಿನಾನೂ ಇದು ಮೂಗು ಸೋರಿಸ್ಕೊಂಡೇ ನಿಂತಿರ್ಬೇಕಾ? ಬಿಗೀರಿ ಅದನ್ನ. ಒಂದು ಹನಿ ಬೀಳಬಾರ್ದು."

ಪಂಪಿನ ಮೇಸ್ತ್ರಿ ವಯಸ್ಸಾದವರು, ಮನೆ ತುಂಬ ಜನ ಇರುವ ಮನುಷ್ಯ. ಸಾಹೇಬ್ರು ಬರಲಿ, ಅವರನ್ನು ಒಂದು ಮಾತು ಕೇಳಿಬಿಡೋಣ ಎಂದು ಗೊಣಗಿದರು. ಮ್ಯಾನೇಜರು ಕೇಳಿಸಿಕೊಳ್ಳಲಿಲ್ಲ. ಮೇಸ್ತ್ರಿ ಸ್ಪ್ಯಾನರ್ ತಂದು ಬಿಗಿದರು. ಹನಿ ನಿಂತಿತು. ರಂಗೋಲಿ ಸಂಜೆಯವರೆಗೂ ಒಣಗಿದಂತೆಯೇ ಇತ್ತು. ಮಾಲೀಕರ ತಾಯಿ ಹೂಗಳನ್ನು ಮೆಚ್ಚಿ ನನ್ನ ಕೈಗೆ ತಾಂಬೂಲ ಕೊಟ್ಟರು.

ಹಬ್ಬದ ಹಿಂದೆಯೇ ಮಳೆ ಹಿಡಿಯಿತು. ಕೆರೆಗೆ ಕೆಂಪು ನೀರು ಬಂತು. ಅದು ಪ್ರತಿ ವರ್ಷದ್ದೇ, ಪಟಿಕ ಸ್ವಲ್ಪ ಹೆಚ್ಚು ಹಾಕಿದರೆ ಸರಿಹೋಗುತ್ತಿತ್ತು. ಈ ಸಲ ಹೋಗಲಿಲ್ಲ. ತೊಟ್ಟಿಯ ತಳ ಸೇರಬೇಕಾದ ಕೆಸರು ನೊರೆಗಟ್ಟಿಕೊಂಡು ಮೇಲೆ ತೇಲತೊಡಗಿತು. ಕಂದು ಬಣ್ಣದ ಕೆನೆಯ ಹಾಗೆ ತೊಟ್ಟಿಯ ತುಂಬ ಹಾಸಿಕೊಂಡು, ಹಾಗೇ ಮರಳಿನ ಮೇಲೆ ಹರಿದು, ಅದರ ಸಂದಿಗಳನ್ನೆಲ್ಲ ಮುಚ್ಚಿಹಾಕಿತು. ಮರಳು ತೊಳೆದರೆ ಮಧ್ಯಾಹ್ನದೊಳಗೆ ಮತ್ತೆ ಕಟ್ಟುತ್ತಿತ್ತು. ಯಜಮಾನರು ಪಟಿಕ ಹೆಚ್ಚಿಸಿದರು, ಸುಣ್ಣ ಹಾಕಿ ನೋಡಿದರು, ತೊಟ್ಟಿ ಬರಿದು ಮಾಡಿಸಿ ಉಜ್ಜಿಸಿದರು. ಜಾಲರಿ ಕಟ್ಟಿದ ಉದ್ದ ಕೋಲು ಹಿಡಿದು ಆ ಕೆನೆಯನ್ನು ತಾವೇ ತೆಗೆಯುತ್ತಾ ನಿಲ್ಲುತ್ತಿದ್ದರು. ಮನೆಗೆ ಬಂದಾಗ ಬೆರಳ ಸಂದಿಯೆಲ್ಲ ಪಟಿಕದಿಂದ ಸುಕ್ಕುಗಟ್ಟಿ ಬೆಳ್ಳಗಾಗಿರುತ್ತಿತ್ತು.

ಲೈನಿನ ಕೊಳಾಯಿಗಳಲ್ಲಿ ಕಲಕು ನೀರು ಬಂತು. ಮಕ್ಕಳಿಗೆ ಹೊಟ್ಟೆ ಕೆಟ್ಟಿತು. ನಮ್ಮ ಮಗಳಿಗೂ ಜ್ವರ ಬಂದಾಗ ಅತ್ತೆ ಅವಳನ್ನು ಗುಬ್ಬಿಗೆ ಕರೆದೊಯ್ದರು. ಮಾರನೆಯ ದಿನ ನಾನು ಕೊಳಾಯಿಯ ಬಳಿ ಹೋದಾಗ ಹೆಂಗಸರ ಮಾತು ನಿಂತುಹೋಯಿತು. ನಮ್ಮ ಪಕ್ಕದ ಮನೆಯಾಕೆ ಬಿಂದಿಗೆ ಎತ್ತಿಕೊಳ್ಳುತ್ತಾ, ನನಗೆ ಕೇಳುವಷ್ಟೇ ಗಟ್ಟಿಯಾಗಿ ಅಂದಳು:

"ತಮ್ ಮಗೀನ ಒಳ್ಳೆ ನೀರಿಗೆ ಕಳ್ಸವ್ರೆ ಕಣಕ್ಕ. ನಮ್ ಮಕ್ಳು ಕುಡೀಲಿ ಬುಡು, ಇವ್ರ ಕೆಸ್ರ."

ಪಟಿಕದ ಮೂಟೆಗಳು ಮಾಮೂಲಿಗಿಂತ ಬೇಗ ಮುಗಿಯುತ್ತಿದ್ದವು, ನೀರು ಮಾತ್ರ ತಿಳಿಯಾಗಲಿಲ್ಲ. ಪೇಟೆಯಲ್ಲಿ ಬಟ್ಟೆಗೆ ಬಣ್ಣ ಹಾಕುವವರಿಗೆ ಪಟಿಕ ಬೇಕಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಬೆಳಿಗ್ಗೆ ಮ್ಯಾನೇಜರು ನೀರಿನ ಮನೆಗೆ ಬಂದು, ಕೆಲಸಗಾರರೆಲ್ಲ ನಿಂತಿರುವಾಗಲೇ, ಪಟಿಕ ತೊಟ್ಟಿಗೆ ಹೋಗ್ತಾ ಇದೆಯೋ ಪೇಟೆಗೋ ಎಂದು ಕೇಳಿದರಂತೆ. ಯಾರೋ ನಕ್ಕರಂತೆ. ಇದನ್ನು ಯಜಮಾನರು ನನಗೆ ಹೇಳಲಿಲ್ಲ, ಬೇರೆಯವರಿಂದ ಬಂತು. ಅಂದಿನಿಂದ ಅವರು ಬಂದವರಿಗೆ ನೀರು ಕೊಡಿಸುವುದನ್ನು ಬಿಟ್ಟರು. ಬರುವವರೂ ಯಾರಿರಲಿಲ್ಲ. ತಟ್ಟೆಯ ಮುಂದೆ ಕೂತು ಅನ್ನವನ್ನು ಕಲಸುತ್ತಲೇ ಇರುವರು. ಮಾಲೀಕರು ಬೊಂಬಾಯಿಯಿಂದ ಬಂದ ಮೇಲೆ ವಿಚಾರಣೆ ಎಂದಾಗಿತ್ತು. ಕಳ್ಳ ಎಂಬ ಹೆಸರು ಹೊತ್ತು ಆಚೆ ಹೋಗಬೇಕಾದೀತೆಂಬುದೇ ಅವರನ್ನು ತಿನ್ನುತ್ತಿತ್ತು.

ಹಾಗೆ ಕೂತಿದ್ದ ಒಂದು ಮಧ್ಯಾಹ್ನ ನಾನು ಬಾಯಿಬಿಟ್ಟೆ. ಅವರನ್ನು ಮಾತಿಗೆಳೆಯಬೇಕೆಂದಷ್ಟೇ ನನಗಿದ್ದದ್ದು.

"ರೀ, ಹಿತ್ತಿಲ ನಲ್ಲಿ ನೀರು ಕೆಳಗಿಂದ ತಿಳಿಯಾಗುತ್ತೆ. ಮೊದ್ಲು ಮಜ್ಜಿಗೆ ಥರ ಇರುತ್ತೆ. ಆಮೇಲೆ ಲೋಟದ ಗೋಡೆಗೆಲ್ಲ ಗಸಗಸೆ ಅಂಟಿದ ಹಾಗೆ."

ಅವರು ಕಲಸುವುದನ್ನು ನಿಲ್ಲಿಸಿದರು. ಕೈ ತೊಳೆಯದೆ ಹಿತ್ತಿಲಿಗೆ ಹೋಗಿ ಗಾಜಿನ ಲೋಟ ಹಿಡಿದು ನಿಂತರು. ಕೆಂಪು ನೀರು ಮಜ್ಜಿಗೆ ಬೆರೆಸಿದಂತೆ ಬಿಳಿಚಿಕೊಂಡಿದ್ದು, ತಳದಿಂದ ಒಂದೊಂದು ಬೆರಳಷ್ಟೇ ತಿಳಿಯಾಗುತ್ತಾ ಬಂತು. ಮಣ್ಣಿನ ಕಣಗಳು ಪುಟ್ಟ ಗುಳ್ಳೆಗಳನ್ನು ಬೆನ್ನಿಗೆ ಕಟ್ಟಿಕೊಂಡು ಮೇಲೇರುತ್ತಿದ್ದವು.

"ಗಾಳಿ," ಎಂದರು. "ಎಲ್ಲೋ ಗಾಳಿ ಎಳ್ಕೊಳ್ತಾ ಇದೆ. ದೇವರ ಮನೆಯಿಂದ ಊದುಬತ್ತಿ ತಾ."

ನಾನೂ ಹಿಂದೆಯೇ ಹೋದೆ. ಹೊತ್ತಿಸಿದ ಊದುಬತ್ತಿಯನ್ನು ಪಂಪಿನ ಎಳೆಯುವ ಕೊಳವೆಯ ಒಂದೊಂದು ಕೂಡಿಕೆಯ ಬಳಿಯೂ ಹಿಡಿದರು. ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ದಂಡದ ಬಳೆಯ ಹತ್ತಿರ ತಂದಾಗ ಮಾತ್ರ ಹೊಗೆ ಬಾಗಿ, ಎಳೆಯಾಗಿ, ಒಳಗೆ ಹೋಯಿತು. ಬಿಗಿದ ಹಗ್ಗ ನೀರಿಲ್ಲದೆ ಉಜ್ಜಿ ಉಜ್ಜಿ ಸುಟ್ಟು ಕರಿಯಾಗಿತ್ತು. ಆ ಹನಿ ಬೀಳುತ್ತಿದ್ದರೆ ನೀರೇ ಗಾಳಿಗೆ ಅಡ್ಡ ನಿಲ್ಲುತ್ತದೆ, ಹನಿ ನಿಂತರೆ ಸುಟ್ಟ ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ಪಂಪು ಅದನ್ನು ಅದುಮಿ ನೀರಿನಲ್ಲಿ ಕರಗಿಸುತ್ತದೆ, ತೊಟ್ಟಿಗೆ ಬಂದಾಗ ಅದೇ ಗುಳ್ಳೆಯಾಗಿ ಎದ್ದು ಕೆಸರನ್ನೂ ಎತ್ತಿಕೊಂಡು ಬರುತ್ತದೆ ಎಂದು ಅವರು ಅಲ್ಲೇ ವಿವರಿಸಿದರು. ಎಷ್ಟೋ ದಿನಗಳ ಮೇಲೆ ಅವರು ಅಷ್ಟು ಮಾತಾಡಿದ್ದು. ಆಮೇಲೆ, ಇದನ್ನು ಬಿಗಿದವರು ಯಾರು ಎಂದು ಕೇಳಿದರು.

ನಾನು ಪೂಜೆಯ ದಿನ ಕೇಳಿದ್ದನ್ನು ಹೇಳಿದೆ. ಮೇಸ್ತ್ರಿ ತಲೆ ತಗ್ಗಿಸಿಕೊಂಡು ನಿಂತಿದ್ದರು. ಯಜಮಾನರು ಅವರನ್ನು ಒಂದೂ ಮಾತು ಬೈಯಲಿಲ್ಲ. ಹೊಸ ಹಗ್ಗ ಸುತ್ತಿಸಿದರು, ಹನಿ ಬೀಳುವಷ್ಟು ಸಡಿಲ ಬಿಡಿಸಿದರು. ವಾರ ತುಂಬುವ ಮುಂಚೆ ಕೆಸರು ತಳ ಸೇರಿತು, ಕೊಳಾಯಿಯಲ್ಲಿ ತಿಳಿನೀರು ಬಂತು. ಪಕ್ಕದ ಮನೆಯಾಕೆ ಒಂದು ಬಟ್ಟಲು ಹುಳಿ ತಂದುಕೊಟ್ಟು ಹೋದಳು.

ಇಷ್ಟಕ್ಕೇ ಮುಗಿಯಿತೆಂದು ನಾನು ನಂಬಿದ್ದೆ. ಆದರೆ ಪಟಿಕದ ಮಾತು ಹಾಗೇ ಇತ್ತು. ಕಳುವಾಗಿಲ್ಲ, ನೀರಿಗೇ ಹೋಯಿತು ಎನ್ನಬೇಕಾದರೆ ಪಂಪು ಕೆಟ್ಟದ್ದು ಯಾಕೆಂದು ಹೇಳಬೇಕು. ಯಾಕೆಂದು ಹೇಳಬೇಕಾದರೆ ಬಿಗಿಸಿದವರು ಯಾರೆಂದು ಹೇಳಬೇಕು. ವಿಚಾರಣೆಯ ಹಿಂದಿನ ಸಂಜೆ ನಾನೂ ಬಂದು ಹೇಳುತ್ತೇನೆ ಎಂದೆ. ನಿಜ ಹೇಳುವುದಕ್ಕೆ ಯಾಕೆ ಹೆದರಬೇಕು ಎಂದು ಕಾನ್ವೆಂಟಿನಲ್ಲಿ ಕಲಿತ ಮಾತನ್ನೂ ಆಡಿದೆ. ಅವರು ಬೇಸರದಿಂದ ನಕ್ಕರು.

"ಗಂಡನ ಪರವಾಗಿ ಹೆಂಡ್ತಿ ಹೇಳಿದ್ದನ್ನ ಯಾರು ನಂಬ್ತಾರೆ? ಮೇಸ್ತ್ರಿ ಹೇಳ್ತಾರೆ ಬಿಡು."

ಮೇಸ್ತ್ರಿ ಹೇಳಲಿಲ್ಲ. ಮಾಲೀಕರೂ ಮ್ಯಾನೇಜರೂ ಕೂತಿದ್ದ ಕೋಣೆಯಲ್ಲಿ, ಬಿಗಿಯಲು ಹೇಳಿದವರು ಯಾರೆಂದು ಕೇಳಿದಾಗ, ಟೋಪಿ ಕೈಯಲ್ಲಿ ಹಿಡಿದು, "ಗ್ಯಾಪ್ಕ ಇಲ್ಲ ಸ್ವಾಮಿ," ಎಂದರಂತೆ. ಯಜಮಾನರು ಮತ್ತೆ ಕೇಳಿಸಲಿಲ್ಲ. ಮನೆಗೆ ಬಂದು, ಅವರನ್ನು ಏನೂ ಅನ್ನಬೇಡ, ಅವರ ಮನೆಯಲ್ಲಿ ಒಲೆ ಹತ್ತಬೇಕು ಎಂದಷ್ಟೇ ಹೇಳಿ ಹೊರಗಿನ ಜಗಲಿಯ ಮೇಲೆ ಕೂತರು. ಮಾಲೀಕರು ಯಜಮಾನರನ್ನು ಕೆಲಸದಿಂದ ತೆಗೆಯಲಿಲ್ಲ. ಗಿರಣಿಯದೇ ಹತ್ತಿಯ ಗೋಡೌನ್ ಕುಣಿಗಲ್ಲಿನಲ್ಲಿತ್ತು, ಅಲ್ಲಿಗೆ ಗುಮಾಸ್ತನಾಗಿ ಹೋಗಲಿ ಎಂದರು. ಕಳ್ಳನೆಂದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ನಾವು ಸಾಮಾನು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದಾಗ ಮೇಸ್ತ್ರಿ ಅಲ್ಲಿದ್ದರು. ಯಾರೂ ಕರೆದಿರಲಿಲ್ಲ. ಟ್ರಂಕುಗಳನ್ನು ಒಂದೊಂದಾಗಿ ಹೊತ್ತು ಬಸ್ಸಿನ ಮೇಲೇರಿ ತಾವೇ ಹಗ್ಗ ಬಿಗಿದರು. ಯಜಮಾನರ ಮುಖ ನೋಡಲಾರದೆ ನನ್ನ ಕಿಟಕಿಯ ಬಳಿ ಬಂದು ನಿಂತರು.

"ಅಮ್ಮಾವ್ರೇ, ಹನಿ ಬೀಳ್ತಾನೇ ಐತೆ. ನಾನಿರೋಗಂಟ ನಿಲ್ಲಕ್ಕೆ ಬಿಡಾಕಿಲ್ಲ ಅಂತ ಹೇಳಿ ಸಾಹೇಬ್ರಿಗೆ."

ಪಕ್ಕದಲ್ಲೇ ಕೂತಿದ್ದ ಅವರಿಗೆ ಅದು ಕೇಳಿಸಿತ್ತು. ತಲೆಯಾಡಿಸಿದರು.

ಕುಣಿಗಲ್ಲಿನ ಮನೆಯಲ್ಲಿ ಬಾವಿ ಇತ್ತು, ಒಳ್ಳೆಯ ನೀರೇ. ಯಜಮಾನರು ಅದರ ಬಗ್ಗೆ ಎಂದೂ ಮಾತೆತ್ತಲಿಲ್ಲ. ಗೋಡೌನಿನಿಂದ ಬಂದು ಕೂದಲಿಗಂಟಿದ ಹತ್ತಿಯನ್ನು ಕೊಡವಿಕೊಂಡು, ಕಂಚಿನ ಲೋಟದಲ್ಲಿ ಕುಡಿದು ಕೆಳಗಿಡುವರು. ಗಾಜಿನ ಲೋಟಗಳು ಟ್ರಂಕಿನಲ್ಲೇ ಉಳಿದವು.

ಅವರು ಹೋಗಿ ಎಷ್ಟೋ ಕಾಲವಾದ ಮೇಲೆ, ತುಮಕೂರಿನ ಪಕ್ಕದ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ನಮ್ಮ ಅಳಿಯ ಅಲ್ಲಿನ ನೀರಿನ ತೊಟ್ಟಿ ತೋರಿಸಲು ಕರೆದೊಯ್ದಿದ್ದ. ಈಗ ಬೇಕೆಂದೇ ಗಾಳಿಯನ್ನು ಒತ್ತಡದಲ್ಲಿ ನೀರಿಗೆ ಕರಗಿಸಿ, ಕೊಳೆಯನ್ನು ತೇಲಿಸಿ, ಮೇಲಿನಿಂದ ಕೆರೆದು ತೆಗೆಯುತ್ತಾರಂತೆ. ಗುಳ್ಳೆ ದಪ್ಪವಾದರೆ ಕೊಳೆ ಏಳುವುದಿಲ್ಲ, ನೊರೆ ಸಣ್ಣಗಿರಬೇಕು, ಅದನ್ನು ನೋಡಿಕೊಳ್ಳುವುದೇ ದೊಡ್ಡ ಕೆಲಸ ಎಂದು ಹೇಳುತ್ತಿದ್ದ. ಅದೇ ಕಂದು ಕೆನೆ, ಅದೇ ವಾಸನೆ. ಹಲಗೆಯೊಂದು ಅದನ್ನು ಸಮನಾಗಿ ಅಂಚಿಗೆ ತಳ್ಳುತ್ತಾ ಹೋಗುತ್ತಿತ್ತು.

ತಲೆ ಸುತ್ತಿತಾ ಅತ್ತೆ ಎಂದು ಅಳಿಯ ಕೇಳಿದ. ಇಲ್ಲಪ್ಪ ಎಂದೆ. ಹೊರಡುವ ಮುಂಚೆ ಪಂಪಿನ ಕಡೆ ಹೋಗಿ ಬಗ್ಗಿ ನೋಡಿದೆ. ದಂಡದ ಬಳಿ ನೀರು ನಿಧಾನಕ್ಕೆ, ಒಂದೊಂದೇ ಹನಿ ಬೀಳುತ್ತಿತ್ತು. ಕೆಳಗೆ ಯಾರೋ ಒಂದು ಹಳೆಯ ಡಬ್ಬ ಇಟ್ಟಿದ್ದರು.